ಒಂದು ಪಿರಿಯಡ್‌ಗೆ ಒಂದೇ ವಿಷಯ: ಪ್ರಾಥಮಿಕ ಶಾಲೆಯ ಚಿತ್ರಕಲೆ ತರಗತಿಗೆ ಸರಳ ಚಟುವಟಿಕೆಗಳು

ಮಧುಗಿರಿಯ ಮೂರನೇ ಕ್ಲಾಸಿನ ಮಕ್ಕಳಿಗೆ ‘ಬೆಟ್ಟದ ಚಿತ್ರ ಬರೀರಿ’ ಎಂದು ಹೇಳಿದರೆ ಹಾಳೆಯ ಮೇಲೆ ಹೆಚ್ಚಾಗಿ ಮೂಡುವುದು ಎರಡು ತ್ರಿಕೋನ, ಅವುಗಳ ಸಂದಿನಲ್ಲಿ ಅರ್ಧ ಸೂರ್ಯ, ಅಲ್ಲಿಂದ ಇಳಿದು ಬರುವ ಹೊಳೆ, ಪಕ್ಕಕ್ಕೊಂದು ಹೆಂಚಿನ ಮನೆ, ಒಂದು ತೆಂಗಿನಮರ. ಶಾಲೆಯ ಅಂಗಳಕ್ಕೆ ಬಂದು ತಲೆಯೆತ್ತಿದರೆ ಕಾಣುವ ಬೆಟ್ಟವೇ ಬೇರೆ. ಅದು ಒಂದೇ ಬಂಡೆ, ನೆತ್ತಿ ಗುಂಡಗೆ, ಮೈಮೇಲೆ ಕೋಟೆಗೋಡೆ. ಏಷ್ಯಾದ ಅತಿ ದೊಡ್ಡ ಏಕಶಿಲೆಗಳಲ್ಲಿ ಒಂದೆಂದು ಹೆಸರಾದ ಬೆಟ್ಟ ಎದುರಿಗೇ ಇದ್ದರೂ ಹಾಳೆಗೆ ಬರುವುದು ತ್ರಿಕೋನ.

ಇದಕ್ಕೆ ಎರಡು ಕಾರಣಗಳಿವೆ, ಅವೆರಡನ್ನೂ ಬೇರೆಬೇರೆಯಾಗಿ ನೋಡಬೇಕು. ಚಿಕ್ಕ ಮಕ್ಕಳು ಕಣ್ಣಿಗೆ ಕಂಡದ್ದನ್ನು ಬರೆಯುವುದಿಲ್ಲ, ಆ ವಸ್ತುವಿನ ಬಗ್ಗೆ ತಮಗೆ ಗೊತ್ತಿರುವುದನ್ನು ಬರೆಯುತ್ತಾರೆ. ಫ್ರಾನ್ಸಿನ ಜಾರ್ಜ್ ಆನ್ರಿ ಲೂಕೆ ಕಳೆದ ಶತಮಾನದ ಆರಂಭದಲ್ಲೇ ಮಕ್ಕಳ ಚಿತ್ರಗಳನ್ನು ಕೂಡಿಟ್ಟು ಇದನ್ನು ವಿವರಿಸಿದ. ಇದು ಬೆಳವಣಿಗೆಯ ಒಂದು ಹಂತ, ತಿದ್ದಬೇಕಾದ ದೋಷವಲ್ಲ. ಎರಡನೆಯ ಕಾರಣ ನಮ್ಮದೇ. ಬೋರ್ಡಿನ ಮೇಲೆ ಮೇಷ್ಟ್ರು ಬರೆದ ‘ಸೀನರಿ’ಯನ್ನು ಅಣ್ಣ ನಕಲು ಮಾಡಿದ, ಅಣ್ಣನದನ್ನು ತಮ್ಮ ಮಾಡಿದ. ಮೊದಲನೆಯದಕ್ಕೆ ತಾಳ್ಮೆ ಬೇಕು, ಎರಡನೆಯದಕ್ಕೆ ಬೇರೆ ಬಗೆಯ ಚಟುವಟಿಕೆ ಬೇಕು.

ಕಲಾ ಶಿಕ್ಷಣತಜ್ಞ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲಿ ವಯಸ್ಸಿಗೆ ತಕ್ಕಂತೆ ಗುರುತಿಸಿದ ಹಂತಗಳು ಇವತ್ತಿಗೂ ತರಗತಿಯಲ್ಲಿ ಕೆಲಸಕ್ಕೆ ಬರುತ್ತವೆ. ಒಂದನೇ ತರಗತಿಗೆ ಬರುವ ಮಗುವಿನ ಹಾಳೆಯಲ್ಲಿ ವಸ್ತುಗಳು ತೇಲುತ್ತಿರುತ್ತವೆ. ಅಮ್ಮ ಒಂದು ಮೂಲೆಯಲ್ಲಿ, ಮೇಕೆ ಇನ್ನೊಂದು ಮೂಲೆಯಲ್ಲಿ, ಕೈಕಾಲು ತಲೆಯಿಂದಲೇ ಹೊರಟಿರಬಹುದು. ಏಳರಿಂದ ಒಂಬತ್ತು ವರ್ಷದ ಹೊತ್ತಿಗೆ ಹಾಳೆಯ ಕೆಳಗೆ ನೆಲದ ಗೆರೆ ಬರುತ್ತದೆ, ಎಲ್ಲವೂ ಅದರ ಮೇಲೆ ಸಾಲಾಗಿ ನಿಲ್ಲುತ್ತವೆ. ತುದಿಯಲ್ಲಿ ಆಕಾಶದ ನೀಲಿ ಪಟ್ಟಿ, ನಡುವೆ ಖಾಲಿ ಜಾಗ. ಬಸ್ಸು ಬರೆದರೆ ತಗಡಿನಾಚೆ ಕೂತವರ ಕಾಲೂ ಕಾಣುತ್ತದೆ. ಒಂಬತ್ತು ದಾಟಿದ ಮೇಲೆ ‘ನಿಜವಾಗಿ ಇರೋ ಹಾಗೇ ಬರಬೇಕು’ ಎಂಬ ಆಸೆ ಹುಟ್ಟುತ್ತದೆ, ಅದರ ಬೆನ್ನಿಗೇ ‘ನಂಗೆ ಬರಲ್ಲ ಮಿಸ್’ ಎಂಬ ಮಾತೂ ಬರುತ್ತದೆ. ಚಿತ್ರ ಬಿಡುವ ಮಕ್ಕಳಲ್ಲಿ ಬಹುಪಾಲು ಬಿಡುವುದು ಇಲ್ಲಿಂದ ಮುಂದೆ.

ಹಾಗಾಗಿ ಒಳ್ಳೆಯ ಚಟುವಟಿಕೆ ಎಂದರೆ ಪೂರ್ತಿ ಚಿತ್ರವೊಂದನ್ನು ಕಲಿಸುವುದಲ್ಲ. ಒಂದು ಪಿರಿಯಡ್‌ನಲ್ಲಿ ಒಂದೇ ವಿಷಯ ಹಿಡಿಯಬೇಕು: ಗೆರೆ, ಇಲ್ಲವೇ ಅಂತರ, ಇಲ್ಲವೇ ಮೈವಳಿಕೆ (ಮೇಲ್ಮೈಯ ಒರಟು–ನುಣುಪು), ಇಲ್ಲವೇ ಹಿಂದು–ಮುಂದು. ನಲವತ್ತು ನಿಮಿಷದಲ್ಲಿ ಮಗು ಒಂದನ್ನು ಕೈಗೆ ಹತ್ತಿಸಿಕೊಂಡರೆ ಮುಂದಿನ ವಾರ ಅದನ್ನು ತಾನಾಗಿಯೇ ಬಳಸುತ್ತದೆ.

ಸಾಮಾನು

22×28 ಇಂಚಿನ ಚಾರ್ಟ್ ಹಾಳೆಯನ್ನು ಮೂರು ಸಲ ಅರ್ಧ ಮಡಿಸಿ ಕತ್ತರಿಸಿದರೆ 7×11 ಇಂಚಿನ ಎಂಟು ತುಂಡು ಸಿಗುತ್ತವೆ. ಐದು ಚಾರ್ಟ್‌ನಲ್ಲಿ 40 ಮಕ್ಕಳ ತರಗತಿ ಮುಗಿಯುತ್ತದೆ. ಬಿಳಿ ಚಾರ್ಟ್ ಕ್ರೇಯಾನ್‌ಗೂ ನೀರು ಬಣ್ಣಕ್ಕೂ ತಡೆಯುತ್ತದೆ. ಜೆರಾಕ್ಸ್ ಅಂಗಡಿಯ ಎ4 ಹಾಳೆ ಪೆನ್ಸಿಲ್‌ಗೆ, ಎಲೆಯ ಅಚ್ಚಿಗೆ ಚೆನ್ನ. ನೀರು ಬಿದ್ದರೆ ಸುಕ್ಕಾಗಿ ಏಳುತ್ತದೆ. ಎರಡೂ ಸ್ವಲ್ಪ ಸ್ವಲ್ಪ ಇರಲಿ.

ಪೆನ್ಸಿಲ್ ಎಚ್‌ಬಿ ಒಂದು, 2ಬಿ ಒಂದು ಸಾಕು. ಎಚ್ ಎಂದಷ್ಟೇ ಬರೆದ ಗಟ್ಟಿ ಪೆನ್ಸಿಲ್ ಬೇಡ. ಅದು ಹಾಳೆಯಲ್ಲಿ ಗೀರು ಕೊರೆಯುತ್ತದೆ, ಮೇಲೆ ಬಣ್ಣ ಹಚ್ಚಿದಾಗ ಆ ಗೀರು ಬಿಳಿಯಾಗಿಯೇ ಉಳಿಯುತ್ತದೆ. ಬಣ್ಣಕ್ಕೆ ಮೇಣದ ಕ್ರೇಯಾನ್ ಮತ್ತು ಆಯಿಲ್ ಪೇಸ್ಟಲ್ ಎರಡೂ ಸಿಗುತ್ತವೆ. ಪೇಸ್ಟಲ್ ಮೆತ್ತಗಿದ್ದು ಬೆರಳಲ್ಲಿ ಬೆರೆಸಬಹುದು, ಆದರೆ ಕೈಗೆ, ಅಂಗಿಗೆ, ಪಕ್ಕದವರ ಹಾಳೆಗೂ ಹತ್ತುತ್ತದೆ. ಮಾರ್ಚ್ ಬಿಸಿಲಿಗೆ ಕಿಟಕಿ ಪಕ್ಕ ಇಟ್ಟರೆ ಬೆಣ್ಣೆಯಾಗುತ್ತದೆ. ಒಂದು–ಎರಡನೇ ತರಗತಿಗೆ ಗಟ್ಟಿ ಕ್ರೇಯಾನೇ ವಾಸಿ. ನಾಲ್ಕು ಮಕ್ಕಳಿಗೆ ಒಂದು ಪೆಟ್ಟಿಗೆ ಕೊಡುವುದಾದರೆ ಕಪ್ಪು ಮತ್ತು ಹಸಿರು ಎರಡೆರಡು ಇರಲಿ, ಬೇಗ ಸವೆಯುವುದು ಅವೇ.

ರಬ್ಬರನ್ನು ಮೊದಲ ಹದಿನೈದು ನಿಮಿಷ ಯಾರೂ ಹೊರಗೆ ತೆಗೆಯಬಾರದು. ಇದು ಶಿಸ್ತಿನ ಮಾತಲ್ಲ. ತಪ್ಪಿದ ಗೆರೆ ಹಾಳೆಯ ಮೇಲಿದ್ದರೆ ‘ಇದಕ್ಕಿಂತ ಒಳಗೆ ಬರಬೇಕು’ ಎಂದು ಎರಡನೆಯ ಗೆರೆಗೆ ದಾರಿ ಗೊತ್ತಾಗುತ್ತದೆ. ಅಳಿಸಿಬಿಟ್ಟರೆ ಮಗು ಮತ್ತೆ ಮೊದಲಿಂದ ಅದೇ ಜಾಗದಲ್ಲಿ ಅದೇ ತಪ್ಪು ಮಾಡುತ್ತದೆ. ಉಜ್ಜಿ ಉಜ್ಜಿ ಎದ್ದ ನೂಲಿನ ಮೇಲೆ ಕ್ರೇಯಾನ್ ಸಮನಾಗಿ ಹಿಡಿಯುವುದೂ ಇಲ್ಲ.

ಗೆರೆ: ಒಂದು, ಎರಡನೇ ತರಗತಿ

ಎ4 ಹಾಳೆಯನ್ನು ಮೂರು ಸಲ ಮಡಿಸಿ ಬಿಡಿಸಿದರೆ ಎಂಟು ಮನೆಗಳಾಗುತ್ತವೆ. ಒಂದೊಂದು ಮನೆಗೆ ಒಂದೊಂದು ಗೆರೆ ಹೇಳುತ್ತಾ ಹೋಗಿ: ನಿಂತ ಗೆರೆ, ಮಲಗಿದ ಗೆರೆ, ಓರೆ ಗೆರೆ, ಅಲೆ, ಅಂಕುಡೊಂಕು, ತುಂಡು ತುಂಡು ಗೆರೆ, ಚುಕ್ಕಿಗಳ ಸಾಲು, ಸುರುಳಿ. ಬೋರ್ಡಿನಲ್ಲಿ ಬರೆದು ತೋರಿಸಬೇಡಿ, ಬಾಯಲ್ಲಿ ಹೇಳಿ. ‘ಜಿಟಿಜಿಟಿ ಮಳೆ ಹೆಂಗೆ ಬೀಳುತ್ತೆ? ಗಾಳಿ ಜೊತೆ ಬಂದ ಮಳೆ ಹೆಂಗೆ?’ ಎಂದು ಕೇಳಿದರೆ ನಿಂತ ಗೆರೆಯೂ ಓರೆ ಗೆರೆಯೂ ತಾವಾಗಿಯೇ ಬರುತ್ತವೆ, ಒಬ್ಬೊಬ್ಬರದು ಒಂದೊಂದು ಥರ.

ಹಾಳೆಗೆ ಮುಂಚೆ ಐದು ನಿಮಿಷ ಕೈ ಸಡಿಲವಾಗಲಿ. ಮೊದಲು ಗಾಳಿಯಲ್ಲಿ ಇಡೀ ತೋಳು ಬೀಸಿ, ಆಮೇಲೆ ಜಗಲಿಯ ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ, ಕೊನೆಗೆ ಹಾಳೆಯಲ್ಲಿ. ಆರು ವರ್ಷದ ಮಗುವಿಗೆ ಭುಜ ಮತ್ತು ಮೊಣಕೈ ಮೇಲಿನ ಹಿಡಿತ ಬೆರಳಿನ ಹಿಡಿತಕ್ಕಿಂತ ಮೊದಲು ಬಂದಿರುತ್ತದೆ. ನೇರವಾಗಿ ಚಿಕ್ಕ ಮನೆಯೊಳಗೆ ಕೂರಿಸಿದರೆ ಬೆರಳು ಬಿಗಿಯಾಗಿ ಗೆರೆ ನಡುಗುತ್ತದೆ. ಪೆನ್ಸಿಲನ್ನು ಮೊನೆಯಿಂದ ಎರಡು ಬೆರಳಗಲ ಮೇಲೆ ಹಿಡಿಯಲು ಹೇಳಿ. ಮೊನೆಯ ಹತ್ತಿರವೇ ಹಿಡಿದರೆ ಮಗುವಿನ ಕೈಯೇ ಗೆರೆಯನ್ನು ಮರೆಮಾಡುತ್ತದೆ.

ಈ ಎಂಟರಲ್ಲಿ ಕಷ್ಟದ್ದು ಸುರುಳಿ. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಮಕ್ಕಳಿಗೆ ಅದನ್ನು ತೋರಿಸಲು ಚಂದ್ರಿಕೆಯೇ ಇದೆ: ಬಿದಿರು ಚಾಪೆಯ ಮೇಲೆ ಸುರುಳಿಯಾಗಿ ನಿಲ್ಲಿಸಿದ ಬಿದಿರ ಪಟ್ಟಿ. ಹಣ್ಣಾದ ರೇಷ್ಮೆಹುಳು ಆ ಸಂದುಗಳಲ್ಲಿ ಗೂಡು ಕಟ್ಟುತ್ತದೆ. ಸಂದು ಎಲ್ಲ ಕಡೆ ಒಂದೇ ಅಳತೆಯಲ್ಲಿರುವುದನ್ನು ಬೆರಳಿಟ್ಟು ಮುಟ್ಟಿ ನೋಡಲಿ. ಮಕ್ಕಳು ನಡುವಿನಿಂದ ಶುರು ಮಾಡಿದರೆ ಎರಡು ಸುತ್ತಿಗೆ ಗೆರೆ ಗೆರೆಗೆ ತಾಕುತ್ತದೆ, ಏಕೆಂದರೆ ಅವರ ಕಣ್ಣು ಪೆನ್ಸಿಲ್ ಮೊನೆಯ ಮೇಲಿರುತ್ತದೆ. ಹೊರಗಿನಿಂದ ಒಳಕ್ಕೆ ಬರಲಿ, ನೋಟ ಹಿಂದಿನ ಸುತ್ತಿನ ಗೆರೆಯ ಮೇಲಿರಲಿ. ‘ಎರಡು ಗೆರೆ ನಡುವೆ ಹುಳ ಹೋಗೋಕೆ ದಾರಿ ಬಿಡು’ ಎಂದರೆ ಸಾಕು, ಅಂತರ ಎಂಬುದು ಅರ್ಥವಾಗುತ್ತದೆ. ಸುರುಳಿ ಕಲಿತ ಮೇಲೆ ಬಸವನಹುಳು, ಚಕ್ಕುಲಿ, ಬಟ್ಟೆ ಸಿಂಬಿ ಎಲ್ಲವೂ ಅವರ ಕೈಯಲ್ಲೇ ಇವೆ.

ಚುಕ್ಕಿ ರಂಗೋಲಿ: ಮೂರು, ನಾಲ್ಕನೇ ತರಗತಿ

ಮನೆ ಮುಂದೆ ಅಮ್ಮ, ಅಜ್ಜಿ ದಿನಾ ಹಾಕುವ ರಂಗೋಲಿಯಲ್ಲಿ ಅಳತೆ, ಸಮಮಿತಿ, ಮುನ್ನೋಟ ಮೂರೂ ಇವೆ. ಇದನ್ನು ಹುಡುಗರಿಗೂ ಹುಡುಗಿಯರಿಗೂ ಸಮನಾಗಿ ಕೊಡಬೇಕು. ಹುಡುಗರು ಮೊದಲ ಐದು ನಿಮಿಷ ಹಿಂದೇಟು ಹಾಕಿದರೂ ಚುಕ್ಕಿ ಎಣಿಕೆಗೆ ಬಿದ್ದ ಮೇಲೆ ತಲೆ ಎತ್ತುವುದಿಲ್ಲ.

ನೇರ ಚುಕ್ಕಿ 4×4ರಿಂದ ಆರಂಭಿಸಬಹುದು. ಅದಕ್ಕಿಂತ ಹೆಚ್ಚು ಕಲಿಸುವುದು ಸಂದು ಚುಕ್ಕಿ, ಅಂದರೆ ಒಂದು ಸಾಲಿನ ಚುಕ್ಕಿ ಪಕ್ಕದ ಸಾಲಿನ ಎರಡು ಚುಕ್ಕಿಗಳ ಸಂದಿಗೆ ಬರುವಂತೆ ಇಡುವುದು. ನಡುವಿನ ಸಾಲಿನಲ್ಲಿ 5, ಅದರ ಮೇಲೂ ಕೆಳಗೂ 4, ಆಮೇಲೆ 3. ಒಟ್ಟು 19 ಚುಕ್ಕಿ, ಆರು ಮೂಲೆಯ ಆಕಾರ. ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಸಾಲಿನೊಳಗಿನ ಚುಕ್ಕಿಗಳ ನಡುವೆ 2 ಸೆಂ.ಮೀ. ಇಟ್ಟರೆ ಸಾಲು ಸಾಲಿನ ನಡುವೆಯೂ 2 ಸೆಂ.ಮೀ. ಇಡುತ್ತಾರೆ, ಹೂವು ಮೇಲೆ ಕೆಳಗೆ ಎಳೆದಂತೆ ಉದ್ದವಾಗುತ್ತದೆ. ಪಕ್ಕದ ಮೂರು ಚುಕ್ಕಿ ಸಮಬಾಹು ತ್ರಿಕೋನವಾಗಬೇಕಾದರೆ ಸಾಲಿನ ಅಂತರ ಸ್ವಲ್ಪ ಕಡಿಮೆ, ಅಂದರೆ ಸುಮಾರು 1.7 ಸೆಂ.ಮೀ. ಇರಬೇಕು. ಅಳೆಯುವ ಗೋಜು ಬೇಡವೆಂದರೆ ಗೆರೆ ಹಾಕಿದ ನೋಟ್‌ಬುಕ್ ಹಾಳೆ ಕೊಡಿ. ಅದರ ಗೆರೆಗಳ ನಡುವೆ ಸುಮಾರು 8 ಮಿ.ಮೀ. ಇರುತ್ತದೆ, ಎರಡು ಗೆರೆಗೊಂದು ಸಾಲು ಚುಕ್ಕಿ ಹಾಕಿ, ಸಾಲಿನೊಳಗೆ 2 ಸೆಂ.ಮೀ.ಗಿಂತ ಒಂದು ಕೂದಲು ಕಡಿಮೆ ಬಿಟ್ಟರೆ ಆಕಾರ ತಾನಾಗಿಯೇ ಕೂರುತ್ತದೆ.

ಈಗ ಹೂವು. ನಟ್ಟನಡುವಿನ ಚುಕ್ಕಿಯಿಂದ ಒಂದು ಮೂಲೆಯ ಚುಕ್ಕಿಗೆ ಎಸಳು ಬರೆಯಬೇಕು. ದಾರಿಯಲ್ಲಿ ಸಿಗುವ ಚುಕ್ಕಿ ಎಸಳಿನ ಹೊಟ್ಟೆಯೊಳಗೆ ಉಳಿಯಬೇಕು. ಹೀಗೆ ಆರು ಎಸಳು. ನಡುವೆ ಒಂದು, ಎಸಳಿನೊಳಗೆ ಆರು, ತುದಿಯಲ್ಲಿ ಆರು ಚುಕ್ಕಿ ಬಳಕೆಯಾದವು. ಹೊರಸುತ್ತಿನಲ್ಲಿ ಎಸಳುಗಳ ನಡುವೆ ಉಳಿದ ಆರಕ್ಕೆ ಒಂದೊಂದು ಮೊಗ್ಗು. 19 ಪೂರ್ತಿ. ಲೆಕ್ಕ ತಾಳೆಯಾಗದಿದ್ದರೆ ಚುಕ್ಕಿ ಇಡುವಾಗಲೇ ತಪ್ಪಿದೆ ಎಂದು ಮಕ್ಕಳೇ ಹುಡುಕಿಕೊಳ್ಳಬಲ್ಲರು.

ಎಸಳುಗಳನ್ನು ಗಡಿಯಾರದ ಸುತ್ತಿನಲ್ಲಿ ಒಂದಾದ ಮೇಲೊಂದು ಬರೆಯಲು ಬಿಡಬೇಡಿ. ಪ್ರತಿ ಎಸಳೂ ಚೂರು ದಪ್ಪವಾಗುತ್ತಾ ಹೋಗಿ ಆರನೆಯದಕ್ಕೆ ಜಾಗವೇ ಇರುವುದಿಲ್ಲ. ಒಂದು ಬರೆದ ಕೂಡಲೇ ಅದರ ಎದುರಿನದು, ಆಮೇಲೆ ಮುಂದಿನ ಜೋಡಿ, ಹೀಗೆ ಮೂರು ಜೋಡಿ. ತಪ್ಪಾದರೂ ಎದುರು ಬದುರು ಹಂಚಿಹೋಗಿ ಹೂವು ಒಂದು ಕಡೆಗೆ ವಾಲುವುದಿಲ್ಲ.

ಎಲೆಯ ಅಚ್ಚು

ಇದನ್ನು ಯಾವ ತರಗತಿಗೂ ಕೊಡಬಹುದು. ‘ನಂಗೆ ಬರಲ್ಲ’ ಎನ್ನುವ ಐದನೇ ತರಗತಿಯ ಮಗುವಿಗೆ ಇದು ಒಳ್ಳೆಯ ಆರಂಭ, ಏಕೆಂದರೆ ಮೊದಲ ಹಾಳೆಯೇ ಚೆನ್ನಾಗಿ ಬರುತ್ತದೆ. ಎಲೆ ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ಅರಳಿ, ಸೀಬೆ, ತೇಗ, ಹಲಸು ಇವುಗಳ ನರ ಬೆನ್ನಿನ ಕಡೆ ಎದ್ದಿರುತ್ತವೆ. ಹಿಪ್ಪುನೇರಳೆಯೂ ಆಗುತ್ತದೆ, ಆದರೆ ಅದು ಬೇಗ ಬಾಡುತ್ತದೆ. ಕಿತ್ತು ತಂದ ತಕ್ಷಣ ಪತ್ರಿಕೆಯ ನಡುವೆ ಇಟ್ಟು ಮೇಲೊಂದು ಪುಸ್ತಕ ಹೇರಬೇಕು. ತೀರಾ ರಸ ತುಂಬಿದ ಎಲೆ ಒತ್ತಿದಾಗ ನೀರು ಬಿಟ್ಟು ಹಾಳೆಯನ್ನು ಒದ್ದೆ ಮಾಡುತ್ತದೆ, ಪೂರ್ತಿ ಒಣಗಿದ್ದು ಪುಡಿಯಾಗುತ್ತದೆ. ಒಂದು ರಾತ್ರಿ ಪುಸ್ತಕದ ನಡುವೆ ಇದ್ದ ಎಲೆಯೇ ಹದ.

ಮಕ್ಕಳನ್ನು ಎಲೆ ತರಲು ಕಳಿಸುವ ಮುನ್ನ ಬೇಡದವನ್ನು ಹೆಸರಿಟ್ಟು ಹೇಳಿ. ಪಾರ್ಥೇನಿಯಂ ಮುಟ್ಟಿದರೆ ಕೆಲವರಿಗೆ ಮೈ ತುರಿಕೆ, ಗಂದೆ ಏಳುತ್ತದೆ. ಎಕ್ಕದ ಹಾಲು ಕಣ್ಣಿಗೆ ತಾಕಿದರೆ ಅಪಾಯ. ಕಣಗಿಲೆಯ ಎಲೆ, ಕಾಂಡ ಎಲ್ಲವೂ ವಿಷ. ಮೂರೂ ನಮ್ಮ ಶಾಲೆಗಳ ಬೇಲಿಯಲ್ಲೇ ಬೆಳೆದಿರುತ್ತವೆ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಲೇಬೇಕು, ಅದರಲ್ಲೂ ಬಿಸಿಯೂಟಕ್ಕೆ ಮುಂಚಿನ ಪಿರಿಯಡ್ ಆದರೆ.

ಎ4 ಹಾಳೆಯನ್ನು ಅರ್ಧಕ್ಕೆ ಮಡಿಸಿ, ಎಲೆಯನ್ನು ಬೆನ್ನು ಮೇಲಾಗಿ ಮಡಿಕೆಯೊಳಗೆ ಇಡಬೇಕು. ಬರೀ ಮೇಲೊಂದು ಹಾಳೆ ಹೊದಿಸಿದರೆ ಉಜ್ಜುವಾಗ ಜರುಗಿ ನರಗಳು ಎರಡೆರಡಾಗಿ ಮೂಡುತ್ತವೆ. ಮಡಿಕೆ ಅದನ್ನು ತಡೆಯುತ್ತದೆ. ಕ್ರೇಯಾನ್‌ನ ಕಾಗದ ಬಿಚ್ಚಿ, ಬೆರಳಿನ ಒಂದು ಗೆಣ್ಣಿನಷ್ಟು ತುಂಡನ್ನು ಅಡ್ಡಲಾಗಿ ಮಲಗಿಸಿ, ನಡುನರದಿಂದ ಅಂಚಿನ ಕಡೆಗೆ ಉಜ್ಜಬೇಕು. ಮೊನೆಯಿಂದ ಗೀಚಿದರೆ ಗೀಚಿದ ಗೆರೆಯೇ ಕಾಣುತ್ತದೆ, ಎಲೆ ಕಾಣುವುದಿಲ್ಲ. ಎಲೆಯ ಅಂಚು ದಾಟಿ ಒಂದು ಬೆರಳಗಲ ಹೊರಗೆ ಹೋದರೆ ಮಾತ್ರ ಅಂಚು ಗರಗಸದಂತಿದೆಯೋ ನುಣುಪೋ ಎಂಬುದು ಮೂಡುತ್ತದೆ. ಹೆಚ್ಚಿನವರು ಅಂಚಿಗಿಂತ ಮುಂಚೆಯೇ ನಿಲ್ಲಿಸುತ್ತಾರೆ.

ಎರಡನೆಯ ವಾರ ಅದೇ ಎಲೆಯನ್ನು ಎದುರಿಗಿಟ್ಟು ಪೆನ್ಸಿಲ್‌ನಲ್ಲಿ ಬರೆಯಲಿ. ಅಚ್ಚು ನೋಡಿದ ಕೈ ಈಗ ನಡುನರದಿಂದ ಪಕ್ಕದ ನರಗಳು ಎದುರು ಬದುರಾಗಿ ಹೊರಟಿವೆಯೋ ಒಂದು ಮೇಲೆ ಒಂದು ಕೆಳಗಾಗಿಯೋ ಎಂದು ಗಮನಿಸುತ್ತದೆ. ಅಚ್ಚಿನ ಪಿರಿಯಡ್‌ಗಿಂತ ಈ ಎರಡನೆಯ ಪಿರಿಯಡ್ ಮುಖ್ಯ, ಅದನ್ನು ಬಿಡಬೇಡಿ.

ಕಲ್ಲು, ಬೆಟ್ಟ: ಹಿಂದು–ಮುಂದು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಬಂಡೆಗಳ ಸೀಮೆ. ದೇವರಾಯನದುರ್ಗ, ಪಾವಗಡದ ಕೋಟೆ ಬೆಟ್ಟ, ಅಂತರಗಂಗೆಯ ಶತಶೃಂಗ ಸಾಲು, ಕೈವಾರ, ನಂದಿ, ಸ್ಕಂದಗಿರಿ ಇವುಗಳಲ್ಲಿ ಒಂದೂ ತ್ರಿಕೋನವಲ್ಲ. ಕೆ.ಜಿ.ಎಫ್‌ನ ಮಕ್ಕಳಿಗಂತೂ ಬೆಟ್ಟಕ್ಕಿಂತ ಹತ್ತಿರದಲ್ಲಿ ಕಾಣುವುದು ಸೈನೈಡ್ ದಿಬ್ಬ: ಚಿನ್ನ ತೆಗೆದುಳಿದ ಪುಡಿಯನ್ನು ಗಣಿ ಮುಚ್ಚಿದ 2001ರವರೆಗೂ ಸುರಿದು ಎದ್ದ, ನೆತ್ತಿ ಚಪ್ಪಟೆಯಾದ, ಮಳೆ ಕೊರೆದ ದಿಬ್ಬ. ಊರಿಗೊಂದು ಆಕಾರ ಇರುವಾಗ ಎಲ್ಲರಿಗೂ ಒಂದೇ ಸೀನರಿ ಏಕೆ?

ಆದರೆ ನೇರವಾಗಿ ಬೆಟ್ಟಕ್ಕೆ ಹೋಗುವಂತಿಲ್ಲ. ಬೆಟ್ಟ ಬರೆಯಲು ಬೇಕಾದ ಅರಿವು ಒಂದೇ: ಮುಂದಿನದು ಹಿಂದಿನದನ್ನು ಮರೆ ಮಾಡುತ್ತದೆ. ಅದನ್ನು ಕೈಗೆಟಕುವ ಅಳತೆಯಲ್ಲಿ ಕಲಿಸಬೇಕು. ಅಂಗಳದಿಂದ ಮುಷ್ಟಿ ಗಾತ್ರದ ಐದು ಕಲ್ಲು ತಂದು ಬೆಂಚಿನ ಮೇಲೆ ಒಂದರ ಹಿಂದೆ ಒಂದು ಬರುವಂತೆ ಇಡಿ. ಆರು ಮಕ್ಕಳಿಗೆ ಒಂದು ಗುಂಪು ಕಲ್ಲು ಸಾಕು. ಅದಕ್ಕಿಂತ ಹೆಚ್ಚು ಜನ ಕೂತರೆ ಹಿಂದಿನವರಿಗೆ ಕಾಣುವುದಿಲ್ಲ, ಅವರು ನೋಡದೆ ಬರೆಯಲು ತೊಡಗುತ್ತಾರೆ.

ಎಲ್ಲಕ್ಕಿಂತ ಹತ್ತಿರದ ಕಲ್ಲನ್ನು ಮೊದಲು, ಪೂರ್ತಿಯಾಗಿ, ಹಾಳೆಯ ಕೆಳಭಾಗದಲ್ಲಿ ಬರೆಯಲಿ. ಅದರ ಹಿಂದಿನ ಕಲ್ಲಿನ ಗೆರೆ ಮುಂದಿನ ಕಲ್ಲನ್ನು ಮುಟ್ಟಿದ ಕಡೆ ನಿಲ್ಲಬೇಕು. ‘ಡಿಕ್ಕಿ ಹೊಡೆದ ಕಡೆ ನಿಲ್ಸು’ ಎಂದರೆ ತಿಳಿಯುತ್ತದೆ. ಎರಡನೇ ತರಗತಿಯ ಮಗು ಗೆರೆಯನ್ನು ನಿಲ್ಲಿಸದೆ ಒಳಗೆಲ್ಲ ಹಾಯಿಸಿದರೆ ಗದರಬಾರದು. ಕಲ್ಲು ಹಿಂದಕ್ಕೂ ಮುಂದುವರಿದಿದೆ ಎಂಬುದು ಅದಕ್ಕೆ ಗೊತ್ತು, ಗೊತ್ತಿರುವುದನ್ನು ಬರೆದಿದೆ. ಮೂರನೆಯ ತರಗತಿಯಿಂದ ಮೇಲೆ ಕೇಳಬಹುದು: ‘ಒಂದು ಕಣ್ಣು ಮುಚ್ಚಿ ನೋಡು, ಹಿಂದಿನ ಕಲ್ಲು ಎಷ್ಟು ಕಾಣ್ತಾ ಇದೆ?’ ಒಂದು ಕಣ್ಣು ಮುಚ್ಚಿದಾಗ ಆಳದ ಅರಿವು ಕಡಿಮೆಯಾಗಿ ಕಲ್ಲುಗಳು ಹಾಳೆಯ ಮೇಲಿನ ಆಕಾರಗಳ ಹಾಗೆ ಕಾಣತೊಡಗುತ್ತವೆ, ಬರೆಯುವುದು ಸುಲಭವಾಗುತ್ತದೆ.

ಇನ್ನೊಂದು ಸಾಮಾನ್ಯ ತೊಡಕೆಂದರೆ ಎಲ್ಲ ಕಲ್ಲನ್ನೂ ಮೊಟ್ಟೆಯ ಆಕಾರಕ್ಕೆ ಇಳಿಸುವುದು. ಕಲ್ಲನ್ನು ಕೈಯಲ್ಲಿ ಹಿಡಿಸಿ, ಬೆರಳಲ್ಲಿ ಅಂಚು ಸವರಿಸಿ. ಎಲ್ಲಿ ಮೂಲೆ ಸಿಕ್ಕಿತೋ ಅಲ್ಲಿ ಪೆನ್ಸಿಲ್ ದಿಕ್ಕು ಬದಲಿಸಬೇಕು. ಒಂದು ಕಲ್ಲಿಗೆ ಇಂಥ ಐದಾರು ಮೂಲೆ ಸಿಗುತ್ತವೆ. ಬೆರಳು ಕಂಡುಕೊಂಡದ್ದನ್ನು ಕಣ್ಣು ಆಮೇಲೆ ಒಪ್ಪುತ್ತದೆ.

ಮುಂದಿನ ಪಿರಿಯಡ್ ಕಪ್ಪು–ತಿಳಿಯದು. ಹಾಳೆಯ ಅಂಚಿನಲ್ಲಿ ಮೂರು ಚೌಕ ಮಾಡಿ, 2ಬಿ ಪೆನ್ಸಿಲ್‌ನಲ್ಲಿ ಮೊದಲನೆಯದನ್ನು ಒತ್ತಿ, ಎರಡನೆಯದನ್ನು ಹದವಾಗಿ, ಮೂರನೆಯದನ್ನು ಪೆನ್ಸಿಲಿನ ಭಾರವಷ್ಟೇ ಬೀಳುವಂತೆ ತುಂಬಲಿ. ಎರಡು ಮತ್ತು ಮೂರರ ನಡುವೆ ವ್ಯತ್ಯಾಸ ಕಾಣದಿದ್ದರೆ ಪೆನ್ಸಿಲನ್ನು ಹಿಂಬದಿಯಲ್ಲಿ ಹಿಡಿಸಿ, ಒತ್ತಲು ಆಗುವುದೇ ಇಲ್ಲ. ಈ ಮೂರು ಮೆಟ್ಟಿಲು ಬಂದ ಮೇಲೆ ಬೆಟ್ಟದ ಸಾಲಿಗೆ ಹೋಗಬಹುದು.

ಚಿಕ್ಕಬಳ್ಳಾಪುರದ ಕಡೆಯಿಂದ 1478 ಮೀಟರ್ ಎತ್ತರದ ನಂದಿಬೆಟ್ಟದ ದಿಕ್ಕಿಗೆ ಬೆಳಗಿನ ಹೊತ್ತು ನೋಡಿದರೆ ಹತ್ತಿರದ ಗುಡ್ಡ ಕಡುಹಸಿರು, ಅದರ ಹಿಂದಿನದು ಬೂದು, ಅದಕ್ಕೂ ಹಿಂದಿನದು ತಿಳಿನೀಲಿ. ನಮಗೂ ಬೆಟ್ಟಕ್ಕೂ ನಡುವೆ ಇರುವ ಗಾಳಿ, ದೂಳು, ತೇವ ಬೆಳಕನ್ನು ಚದುರಿಸುತ್ತವೆ. ದೂರ ಹೆಚ್ಚಿದಷ್ಟೂ ಆ ತೆರೆ ದಪ್ಪ. ಹಾಗಾಗಿ ದೂರದ್ದು ತಿಳಿ, ಹತ್ತಿರದ್ದು ಗಾಢ. ಇದನ್ನು ಪೆನ್ಸಿಲ್ ಇಲ್ಲದೆಯೂ ಮಾಡಿಸಬಹುದು. ಹಳೆಯ ಪತ್ರಿಕೆ, ಬೂದು ಕಾಗದ, ಕಪ್ಪು ಕಾಗದ ಮೂರನ್ನೂ ಕೈಯಿಂದಲೇ ಹರಿದು, ಹರಿದ ಅಂಚು ಮೇಲೆ ಬರುವಂತೆ ಒಂದರ ಮುಂದೊಂದು ಅಂಟಿಸುವುದು. ಕತ್ತರಿ ಕೊಟ್ಟರೆ ಮತ್ತೆ ತ್ರಿಕೋನ ಬರುತ್ತದೆ, ಹರಿದರೆ ಬಂಡೆಯ ಅಂಚು ಬರುತ್ತದೆ. ಅಂಟಿಸುವಾಗ ದೂರದ್ದನ್ನು ಮೊದಲು ಅಂಟಿಸಬೇಕು, ಬರೆಯುವಾಗ ಹತ್ತಿರದ್ದನ್ನು ಮೊದಲು ಬರೆಯಬೇಕು. ಈ ತಿರುವುಮುರುವು ಮಕ್ಕಳಿಗೆ ಗೊಂದಲ ತರುವುದುಂಟು; ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿಟ್ಟರೆ ಒಳ್ಳೆಯದು. ಹೊರಗೆ ಕರೆದೊಯ್ದಾಗ ಸೂರ್ಯನ ಕಡೆ ನೇರ ನೋಡಬಾರದು ಎಂದು ಮೊದಲೇ ಹೇಳಿರಿ.

ಟೊಮೆಟೊ, ಕೊಕ್ಕರೆ

ಕೋಲಾರದಲ್ಲಿ ಟೊಮೆಟೊ ಸಿಗದ ಮನೆ ಇಲ್ಲ. ನಾಲ್ಕು ಮಕ್ಕಳಿಗೆ ಒಂದು ಹಣ್ಣು, ತೊಟ್ಟಿನ ಹಸಿರು ನಕ್ಷತ್ರ ಉಳಿದಿರುವಂಥದ್ದು. ಮಕ್ಕಳು ಬರೆಯುವುದು ಪೂರ್ತಿ ವೃತ್ತ. ಪಕ್ಕದಿಂದ ನೋಡಿದರೆ ಅದು ಚಪ್ಪಟೆ, ತೊಟ್ಟಿನ ಬಳಿ ಒಳಕ್ಕೆ ಕುಸಿದಿದೆ. ತೊಟ್ಟು ಆ ಕುಳಿಯೊಳಗಿಂದ ಎದ್ದಿರಬೇಕು, ಮೇಲೆ ಅಂಟಿಸಿದ ಹಾಗಿರಬಾರದು.

ಬಣ್ಣ ಹಚ್ಚುವ ಕ್ರಮ ಮುಖ್ಯ: ಹಳದಿ ಇಡೀ ಹಣ್ಣಿಗೆ, ಅದರ ಮೇಲೆ ಕಿತ್ತಳೆ, ಕೊನೆಗೆ ಕೆಂಪು, ನೆರಳಿನ ಕಡೆ ಕೆಂಪಿನ ಮೇಲೆ ಚೂರು ಕಂದು. ಕ್ರೇಯಾನ್‌ನಲ್ಲಿ ಗಾಢದ ಮೇಲೆ ತಿಳಿ ಹಿಡಿಯುವುದಿಲ್ಲ, ಆದ್ದರಿಂದ ತಿಳಿಯಿಂದ ಗಾಢಕ್ಕೆ ಹೋಗಬೇಕು. ಬೆಳಕು ಮಿನುಗುವ ಚುಕ್ಕೆಯನ್ನು ಹಳದಿ ಹಚ್ಚುವ ಮೊದಲೇ ಪೆನ್ಸಿಲ್‌ನಲ್ಲಿ ಗುರುತಿಸಿ ಬಿಳಿ ಬಿಡಬೇಕು, ಆಮೇಲೆ ಬಿಳಿ ಕ್ರೇಯಾನ್‌ನಿಂದ ತರಲು ಆಗುವುದಿಲ್ಲ. ಉಜ್ಜುವ ದಿಕ್ಕು ಹಣ್ಣಿನ ಮೈಯನ್ನು ಬಳಸಿ ಬಾಗಿದರೆ ಗುಂಡಗೆ ಕಾಣುತ್ತದೆ. ನೇರ ಅಡ್ಡಗೆರೆಯಲ್ಲಿ ಹಚ್ಚಿದರೆ ತಟ್ಟೆ ಕಾಣುತ್ತದೆ. ಶ್ರೀನಿವಾಸಪುರದ ಕಡೆ ಮಾವಿನ ಕಾಲದಲ್ಲಿ ಇದನ್ನೇ ಮಾವಿನಲ್ಲಿ ಮಾಡಿಸಿ, ಹಸಿರು ಹಳದಿಗೆ ತಿರುಗುವ ಭುಜ ಇನ್ನೂ ಒಳ್ಳೆಯ ಅಭ್ಯಾಸ. ಕೆಲವು ಹುಡುಗರಿಗೆ ಕೆಂಪು–ಹಸಿರು ಗುರುತಿಸಲು ಹುಟ್ಟಿನಿಂದಲೇ ಕಷ್ಟವಿರುತ್ತದೆ. ತೊಟ್ಟಿಗೆ ಕೆಂಪು ಹಚ್ಚಿದವನನ್ನು ಗೇಲಿ ಮಾಡಲು ಬಿಡದೆ, ಹೆಸರು ಬರೆದ ಕಾಗದ ಬಿಚ್ಚದ ಕ್ರೇಯಾನ್ ಕೊಡಿ.

ಹಕ್ಕಿ ಬರೆಸಲು ಶಿರಾ ತಾಲ್ಲೂಕಿನ ಕಗ್ಗಲಡು ಹತ್ತಿರದವರಿಗೆ ಅದೃಷ್ಟ ಇದೆ, ಅಲ್ಲಿ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಉಳಿದವರು ಅಂಗಳದ ಮೈನಾ ನೋಡಲಿ. ಮೊದಲು ಹಕ್ಕಿಯ ಮೈ ಯಾವ ಕಡೆ ವಾಲಿದೆ ಎಂದು ಒಂದೇ ಓರೆ ಗೆರೆ, ಅದರ ಮೇಲೆ ಮೊಟ್ಟೆಯಾಕಾರ, ಆಮೇಲೆ ಕತ್ತು, ತಲೆ, ಕೊಕ್ಕು. ಕಾಲಿನಲ್ಲಿ ಎಲ್ಲರೂ ತಪ್ಪುತ್ತಾರೆ: ಮೊಟ್ಟೆಯ ಹಿಂತುದಿಗೆ ಕಾಲು ಸಿಕ್ಕಿಸಿದರೆ ಹಕ್ಕಿ ಮುಗ್ಗರಿಸಿದಂತೆ ಕಾಣುತ್ತದೆ. ಪಾದ ಮೈಯ ನಡುಭಾಗದ ನೇರ ಕೆಳಗೆ ಬಂದರೆ ನಿಲ್ಲುತ್ತದೆ. ಸ್ಕೇಲನ್ನು ನೇರವಾಗಿ ಇಳಿಬಿಟ್ಟು ಮಕ್ಕಳೇ ಪರೀಕ್ಷಿಸಬಹುದು.

ಮೇಣ ಮತ್ತು ನೀರು

ಮೂರನೇ ತರಗತಿಯಿಂದ ಮೇಲಿನವರಿಗೆ ಇದು ಬೇಗ ಮುಗಿಯುವ, ಬಹಳ ಇಷ್ಟವಾಗುವ ಕೆಲಸ. ಬಿಳಿ ಕ್ರೇಯಾನ್ ಅಥವಾ ಮೇಣದಬತ್ತಿಯ ತುಂಡಿನಿಂದ ಚಾರ್ಟ್ ಹಾಳೆಯ ಮೇಲೆ ಚಿತ್ರ ಬರೆದು, ಮೇಲೆ ತೆಳು ಬಣ್ಣದ ನೀರು ಸವರಿದರೆ ಮೇಣ ಇರುವ ಕಡೆ ನೀರು ಹಿಡಿಯದೆ ಚಿತ್ರ ಬಿಳಿಯಾಗಿ ಎದ್ದು ಕಾಣುತ್ತದೆ. ಒಂದು ಚಮಚ ಪೋಸ್ಟರ್ ಬಣ್ಣಕ್ಕೆ ಐದಾರು ಚಮಚ ನೀರು. ಬಣ್ಣ ದಪ್ಪವಾದರೆ ಮೇಣವನ್ನೂ ಮುಚ್ಚಿಬಿಡುತ್ತದೆ. ಬಣ್ಣ ಇಲ್ಲದಿದ್ದರೆ ತಣ್ಣಗಾದ ಕಾಫಿ ಡಿಕಾಕ್ಷನ್ ಸೊಗಸಾದ ಕಂದು ಕೊಡುತ್ತದೆ. ಅರಿಶಿನ ನೀರಿನಲ್ಲಿ ಕರಗದೆ ತಳಕ್ಕಿಳಿಯುವುದರಿಂದ ಕಲಕುತ್ತಲೇ ಇರಬೇಕು. ಮೇಣವನ್ನು ಒತ್ತಿ ಬರೆಯದಿದ್ದರೆ ನಡುನಡುವೆ ನೀರು ನುಗ್ಗುತ್ತದೆ. ಬ್ರಷ್ಷನ್ನು ಒಂದೇ ದಿಕ್ಕಿಗೆ ಒಮ್ಮೆ ಎಳೆದು ಬಿಡಬೇಕು, ಉಜ್ಜಬಾರದು.

ನಲವತ್ತು ನಿಮಿಷ, ಮೂರು ತರಗತಿ, ಒಂದು ಕೋಣೆ

ನಲಿ-ಕಲಿ ಕೋಣೆಯಲ್ಲಿ ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕೂರುತ್ತಾರೆ. ಮೂರು ಚಟುವಟಿಕೆ ತಯಾರಿಸಬೇಕಿಲ್ಲ. ವಸ್ತು ಒಂದೇ ಇರಲಿ, ಕೇಳುವುದು ಬೇರೆ ಇರಲಿ. ಎಲೆಯೇ ವಸ್ತುವಾದರೆ ಒಂದನೆಯವರು ಅಚ್ಚು ತೆಗೆಯುತ್ತಾರೆ, ಎರಡನೆಯವರು ಮೂರು ಬಗೆ ಎಲೆಯ ಅಂಚನ್ನಷ್ಟೇ ಬರೆಯುತ್ತಾರೆ, ಮೂರನೆಯವರು ಒಂದರ ಮೇಲೊಂದು ಬಿದ್ದ ಎರಡು ಎಲೆಯನ್ನು ಬರೆಯುತ್ತಾರೆ.

ಸಮಯದಲ್ಲಿ ಐದು ನಿಮಿಷ ಬರೀ ನೋಡಲು, ಐದು ನಿಮಿಷ ಮಾಡಿ ತೋರಿಸಲು. ತೋರಿಸಿದ್ದನ್ನು ಮಕ್ಕಳು ಬರೆಯಲು ಶುರು ಮಾಡುವ ಮುಂಚೆಯೇ ಬೋರ್ಡಿನಿಂದ ಅಳಿಸಿಬಿಡಿ. ಇಲ್ಲದಿದ್ದರೆ ಎದುರಿಗಿರುವ ಕಲ್ಲನ್ನು ಬಿಟ್ಟು ನಿಮ್ಮ ಕಲ್ಲನ್ನು ನಕಲು ಮಾಡುತ್ತಾರೆ. ಇಪ್ಪತ್ತು ನಿಮಿಷ ಕೆಲಸ, ಉಳಿದದ್ದು ಹಾಳೆಗಳನ್ನು ನೆಲದಲ್ಲಿ ಹರಡಿ ಎಲ್ಲರೂ ನೋಡಲು ಮತ್ತು ಎತ್ತಿಡಲು. ಮಗುವಿನ ಹಾಳೆಯ ಮೇಲೆ ನಿಮ್ಮ ಕೈಯಿಂದ ತಿದ್ದಬೇಡಿ, ತೋರಿಸಲೇಬೇಕಾದರೆ ಪಕ್ಕದಲ್ಲಿ ಬೇರೆ ಚೂರು ಕಾಗದ ಇಟ್ಟುಕೊಳ್ಳಿ. ‘ಚೆನ್ನಾಗಿದೆ’ ಎಂದಷ್ಟೇ ಹೇಳಿದರೆ ಯಾವುದು ಚೆನ್ನಾಗಿದೆ ಎಂದು ಮಗುವಿಗೆ ಗೊತ್ತಾಗುವುದಿಲ್ಲ. ‘ಈ ಕಲ್ಲಿನ ಮೂಲೆ ಬಿಟ್ಟಿಲ್ಲ ನೀನು’, ‘ಸುರುಳಿಯ ಸಂದು ಎಲ್ಲ ಕಡೆ ಒಂದೇ ಇದೆ’ ಎಂದರೆ ಮುಂದಿನ ಸಲವೂ ಅದನ್ನು ಮಾಡುತ್ತದೆ.

ಎಡಗೈಯವರು ಹಾಳೆಯನ್ನು ಬಲಕ್ಕೆ ವಾಲಿಸಿಕೊಂಡು, ಬೆಂಚಿನ ಎಡತುದಿಯಲ್ಲಿ ಕೂತರೆ ಪಕ್ಕದವರ ಮೊಣಕೈ ತಾಕುವುದಿಲ್ಲ. ಬರೆದದ್ದರ ಮೇಲೆ ಕೈ ಹಾಯ್ದು ಮಸಿಯಾಗುವುದನ್ನು ತಡೆಯಲು ಅವರು ಬಲದಿಂದ ಎಡಕ್ಕೆ ಬಣ್ಣ ತುಂಬಲಿ.

ಪ್ರತಿ ಹಾಳೆಯ ಹಿಂದೆ ಹೆಸರು ಮತ್ತು ತಾರೀಕು ಬರೆಸಿ, ಮಗುವಿಗೊಂದು ಹಳೆಯ ಪತ್ರಿಕೆಯನ್ನು ಮಡಿಸಿ ಕಡತ ಮಾಡಿ. ಪೇಸ್ಟಲ್ ಹಾಳೆಗಳ ನಡುವೆ ಒಂದೊಂದು ಕಾಗದ ಇಡದಿದ್ದರೆ ಬಣ್ಣ ಒಂದಕ್ಕೊಂದು ಹತ್ತುತ್ತದೆ. ಜೂನ್, ನವೆಂಬರ್, ಮಾರ್ಚ್‌ನ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಮೂರು ಸಂಗತಿ ನೋಡಿ: ಗೆರೆ ಒಂದೇ ಎಳೆತದಲ್ಲಿ ಬರುತ್ತಿದೆಯೇ, ಹಾಳೆಯ ಎಷ್ಟು ಭಾಗ ಬಳಕೆಯಾಗಿದೆ, ಒಂದು ವಸ್ತು ಇನ್ನೊಂದನ್ನು ಮರೆ ಮಾಡಿದೆಯೇ. ಪೋಷಕರ ಸಭೆಗೆ ಬಂದ ಅಪ್ಪ ಅಮ್ಮನಿಗೆ ಅಂಕದ ಬದಲು ಈ ಮೂರು ಹಾಳೆಗಳನ್ನೇ ತೋರಿಸಬಹುದು. ಒಬ್ಬರ ಹಾಳೆಯನ್ನು ಇನ್ನೊಬ್ಬರದರ ಪಕ್ಕ ಮಾತ್ರ ಇಡಬೇಡಿ.